ಲಿನಕ್ಸ್‌ನಲ್ಲಿ ಯುಎಸ್‌ಬಿ ಕೀಬೋರ್ಡ್: ಡ್ರೈವರ್ ಹಾಕುವುದು, ಕೈಕೊಟ್ಟರೆ ಕೊಂಡಿ ಹುಡುಕುವುದು

ಯುಎಸ್‌ಬಿ ಕೀಬೋರ್ಡ್ ಲಿನಕ್ಸ್‌ನಲ್ಲಿ ಕೆಲಸ ಮಾಡದಿದ್ದರೆ ತಯಾರಕರ ಡ್ರೈವರ್ ಹುಡುಕಲು ಹೋಗಬೇಡಿ. ಬಹುತೇಕ ಕೀಬೋರ್ಡ್‌ಗಳಿಗೆ ಅಂಥದ್ದು ಇರುವುದಿಲ್ಲ, ಬೇಕಾಗಿಯೂ ಇಲ್ಲ. ಸಿಕ್ಕಿಸಿದ ಕೂಡಲೇ ಕೀಬೋರ್ಡ್ ತಾನು ಎಚ್‌ಐಡಿ (ಕೀಬೋರ್ಡ್, ಮೌಸ್‌ನಂಥ ಸಾಧನಗಳ) ವರ್ಗದ್ದು ಎಂದು ಹೇಳಿಕೊಳ್ಳುತ್ತದೆ. ಆ ವರ್ಗಕ್ಕೆ ಬೇಕಾದ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ. ಆದರೆ ಅದು ಒಂಟಿ ಡ್ರೈವರ್ ಅಲ್ಲ, ಸರಪಳಿ. ಪೋರ್ಟನ್ನು ನೋಡಿಕೊಳ್ಳುವುದು ಎಕ್ಸ್‌ಎಚ್‌ಸಿಐ (ಹಳೆಯ ಯಂತ್ರಗಳಲ್ಲಿ ಇಎಚ್‌ಸಿಐ, ಒಎಚ್‌ಸಿಐ ಅಥವಾ ಯುಎಚ್‌ಸಿಐ), ಅದರ ಮೇಲೆ ಯುಎಸ್‌ಬಿಕೋರ್, ಅದರ ಮೇಲೆ ಯುಎಸ್‌ಬಿಎಚ್‌ಐಡಿ, ನಂತರ ಎಚ್‌ಐಡಿ-ಜೆನೆರಿಕ್, ಕೊನೆಗೆ ಒತ್ತಿದ ಕೀಗಳನ್ನು ಪ್ರೋಗ್ರಾಂಗಳಿಗೆ ಮುಟ್ಟಿಸುವ ಇವಿಡೆವ್. ಯಾವ ಕೊಂಡಿ ಕಳಚಿದೆ ಎಂದು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಮುಂದಿನ ಹೆಚ್ಚಿನ ಕೆಲಸಕ್ಕೆ ಸುಡೊ (ನಿರ್ವಾಹಕರ ಅಧಿಕಾರ) ಬೇಕು. ಲ್ಯಾಪ್‌ಟಾಪಿನ ಸ್ವಂತ ಕೀಲಿಮಣೆಯೋ, ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ ಸಂಪರ್ಕವೋ ಕೈಯಲ್ಲಿರಲಿ. ಕೀಬೋರ್ಡೇ ಇಲ್ಲದೆ ಕೀಬೋರ್ಡ್ ಸರಿಮಾಡಲಾಗದು.

ಮೊದಲು ಕರ್ನಲ್ ಏನು ಹೇಳುತ್ತದೆ ನೋಡಿ

ಡಿಎಂಇಎಸ್‌ಜಿ ಕಮಾಂಡನ್ನು ಮೈನಸ್ ಡಬ್ಲ್ಯು ಆಯ್ಕೆಯೊಂದಿಗೆ ಓಡಿಸಿ, ಕೀಬೋರ್ಡ್ ಕಿತ್ತು ಮತ್ತೆ ಸಿಕ್ಕಿಸಿ. ಹೊಸ ಲೋ-ಸ್ಪೀಡ್ ಅಥವಾ ಫುಲ್-ಸ್ಪೀಡ್ ಸಾಧನ ಸಿಕ್ಕಿತು ಎಂಬ ಸಾಲು ಮೊದಲು ಬರಬೇಕು, ನಂತರ ತಯಾರಕರ ಸಂಖ್ಯೆ, ಆಮೇಲೆ ಇನ್‌ಪುಟ್ ಎಂದು ಶುರುವಾಗುವ ಸಾಲು.

ಒಂದು ಸಾಲೂ ಬರದಿದ್ದರೆ ತೊಂದರೆ ಪೋರ್ಟ್, ಕೇಬಲ್ ಅಥವಾ ಕಂಟ್ರೋಲರ್ ಡ್ರೈವರಿನದು. ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡುವ ವಿವರ) ಓದಲಾಗಲಿಲ್ಲ ಎಂದು ಎರರ್ -110 ಅಥವಾ -71 ಬಂದರೆ ಡ್ರೈವರನ್ನು ಮುಟ್ಟಲೇಬೇಡಿ. ಮೊದಲನೆಯದು ಉತ್ತರ ಬರುವಷ್ಟರಲ್ಲಿ ಸಮಯ ಮೀರಿದ್ದು, ಎರಡನೆಯದು ತಂತಿಯ ಮೇಲಿನ ಮಾತುಕತೆಯೇ ಕೆಟ್ಟದ್ದು. ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ. ಮೊದಲೆರಡು ಸಾಲು ಬಂದು ಇನ್‌ಪುಟ್ ಸಾಲು ಬರದಿದ್ದರೆ ಮಾತ್ರ ಕೊರತೆ ಇರುವುದು ಯುಎಸ್‌ಬಿಎಚ್‌ಐಡಿಯಲ್ಲಿ.

ಎಲ್ಎಸ್‌ಯುಎಸ್‌ಬಿ ಮೈನಸ್ ಟಿ ಇದನ್ನೇ ಮರದ ಆಕಾರದಲ್ಲಿ ತೋರಿಸುತ್ತದೆ. ನಿಮ್ಮ ಕೀಬೋರ್ಡಿನ ಸಾಲಿನಲ್ಲಿ ಡ್ರೈವರ್ ಎಂಬಲ್ಲಿ ಯುಎಸ್‌ಬಿಎಚ್‌ಐಡಿ ಎಂದಿರಬೇಕು. ತುದಿಯಲ್ಲಿ 1.5ಎಂ ಅಥವಾ 12ಎಂ ಎಂದಿದ್ದರೆ ಗಾಬರಿ ಬೇಡ, ಕೀಬೋರ್ಡಿಗೆ ಆ ವೇಗ ಧಾರಾಳ ಸಾಕು.

ಡ್ರೈವರ್ ಹಾಕುವುದು

ಮಾಡ್‌ಪ್ರೋಬ್ ಯುಎಸ್‌ಬಿಎಚ್‌ಐಡಿ, ಆಮೇಲೆ ಮಾಡ್‌ಪ್ರೋಬ್ ಎಚ್‌ಐಡಿ-ಜೆನೆರಿಕ್. ಎರಡೇ ಸಾಲು. ಮಾಡ್ಯೂಲ್ (ಬೇಕಾದಾಗ ಕರ್ನಲಿಗೆ ಸೇರಿಸುವ ಡ್ರೈವರ್ ಫೈಲ್) ಸಿಗಲಿಲ್ಲ ಎಂಬ ಉತ್ತರ ಬಂದರೆ ಯುನೇಮ್ ಮೈನಸ್ ಆರ್ ತೋರಿಸುವ ಆವೃತ್ತಿಯನ್ನು ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರಿನೊಂದಿಗೆ ಹೋಲಿಸಿ. ಕರ್ನಲ್ ಅಪ್‌ಡೇಟ್ ಆಗಿ ಯಂತ್ರ ರೀಬೂಟ್ ಆಗಿಲ್ಲದಿದ್ದರೆ ಓಡುತ್ತಿರುವ ಕರ್ನಲ್ ಹಳೆಯದು, ಡಿಸ್ಕಿನಲ್ಲಿರುವ ಮಾಡ್ಯೂಲ್ ಹೊಸದು. ರೀಬೂಟ್ ಮಾಡಿದರೆ ಸರಿಹೋಗುತ್ತದೆ.

ಕರ್ನಲನ್ನು ಕೈಯಾರೆ ಕಂಪೈಲ್ ಮಾಡುವವರು ಜೆನೆರಿಕ್ ಎಚ್‌ಐಡಿ, ಯುಎಸ್‌ಬಿ ಎಚ್‌ಐಡಿ, ಇವಿಡೆವ್, ಎಕ್ಸ್‌ಎಚ್‌ಸಿಐ ಮತ್ತು ಅದರ ಪಿಸಿಐ ಭಾಗವನ್ನು ಆರಿಸಿರಬೇಕು. ಸೆಟ್ಟಿಂಗ್ ಪಟ್ಟಿಯಲ್ಲಿ ಯುಎಸ್‌ಬಿಕೆಬಿಡಿ ಎಂಬ ಇನ್ನೊಂದು ಡ್ರೈವರ್ ಕಾಣಬಹುದು. ಹೆಸರು ನೋಡಿ ಇದೇ ಸರಿಯಾದದ್ದು ಎನ್ನಿಸುತ್ತದೆ, ಅಲ್ಲ. ಅದು ಕೀಬೋರ್ಡನ್ನು ಬೂಟ್ ಪ್ರೋಟೋಕಾಲ್ ಎಂಬ ಕನಿಷ್ಠ ಸ್ಥಿತಿಯಲ್ಲಿ ಓಡಿಸುತ್ತದೆ. ಆ ಸ್ಥಿತಿಯಲ್ಲಿ ಪ್ರತಿ ವರದಿ ಬರೀ 8 ಬೈಟ್. ಮೊದಲ ಬೈಟಿನ 8 ಬಿಟ್‌ಗಳು ಎಡ-ಬಲದ ಕಂಟ್ರೋಲ್, ಶಿಫ್ಟ್, ಆಲ್ಟ್, ಸೂಪರ್ ಕೀಗಳಿಗೆ, ಎರಡನೆಯದು ಮೀಸಲು, ಉಳಿದ ಆರು ಬೈಟ್‌ಗಳಲ್ಲಿ ಏಕಕಾಲಕ್ಕೆ ಒತ್ತಿದ ಆರು ಕೀಗಳು. ಏಳನೆಯದು ಒತ್ತಿದರೆ ಆರೂ ಸ್ಥಾನಗಳಲ್ಲಿ 1 ತುಂಬಿಕೊಂಡು, ಎಣಿಕೆ ಮೀರಿತು ಎಂಬ ಸೂಚನೆಯಷ್ಟೇ ಬರುತ್ತದೆ. ಬಹುತೇಕ ಕೀಬೋರ್ಡ್‌ಗಳಲ್ಲಿ ಧ್ವನಿ ಏರಿಸುವ-ಇಳಿಸುವ ಕೀಗಳು ಈ ವರದಿಯಲ್ಲಿ ಬರುವುದೇ ಇಲ್ಲ. ಹಾಗಾಗಿ ಅದನ್ನು ಆರಿಸಬೇಡಿ.

ಬೂಟ್ ವೇಳೆ ಪಾಸ್‌ವರ್ಡ್ ಟೈಪ್ ಆಗದಿದ್ದರೆ

ಜನರನ್ನು ಅತಿ ಹೆಚ್ಚು ಕಂಗೆಡಿಸುವ ಜಾಗ ಇದು. ಯಂತ್ರ ಏಳುವಾಗ ಯಾವ ಸಿಸ್ಟಂ ಎಂದು ಕೇಳುವ ಗ್ರಬ್ ಮೆನುವಿನಲ್ಲಿ ಬಾಣದ ಕೀಗಳು ಚೆನ್ನಾಗಿ ನಡೆಯುತ್ತವೆ. ಮುಂದೆ ಡಿಸ್ಕ್ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಕೇಳಿದಾಗ ಒಂದಕ್ಷರವೂ ಹೋಗುವುದಿಲ್ಲ. ಗ್ರಬ್ ತನಕ ಕೀಬೋರ್ಡನ್ನು ನಡೆಸುವುದು ಮದರ್‌ಬೋರ್ಡಿನ ಫರ್ಮ್‌ವೇರ್. ಕರ್ನಲ್ ಏಳುತ್ತಲೇ ಪೋರ್ಟುಗಳನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಆ ಹೊತ್ತಿಗೆ ಡ್ರೈವರ್ ಇನಿಟ್‌ರಾಮ್‌ಎಫ್‌ಎಸ್ (ಕರ್ನಲ್ ಜೊತೆಗೇ ಮೆಮೊರಿಗೆ ಬರುವ ಪುಟ್ಟ ಆರಂಭಿಕ ಫೈಲ್ ಕಟ್ಟು) ಒಳಗೆ ಇರಲೇಬೇಕು; ಡಿಸ್ಕಿನಲ್ಲಿದ್ದು ಪ್ರಯೋಜನವಿಲ್ಲ, ಡಿಸ್ಕ್ ಇನ್ನೂ ಬೀಗ ಹಾಕಿಕೊಂಡಿದೆ.

ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಬಳಸುವ ಡೆಬಿಯನ್, ಉಬುಂಟು ಆವೃತ್ತಿಗಳಲ್ಲಿ ಇಟಿಸಿ ಒಳಗಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿಗೆ ಹೋಗಿ, ಮಾಡ್ಯೂಲ್ಸ್ ಎಂಬ ಫೈಲಿನಲ್ಲಿ ಸಾಲಿಗೊಂದರಂತೆ ಎಕ್ಸ್‌ಎಚ್‌ಸಿಐ-ಪಿಸಿಐ (ನಡುವೆ ಅಂಡರ್‌ಸ್ಕೋರ್), ಯುಎಸ್‌ಬಿಎಚ್‌ಐಡಿ, ಎಚ್‌ಐಡಿ-ಜೆನೆರಿಕ್ ಬರೆದು ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಮೈನಸ್ ಯು ಓಡಿಸಿ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ಡ್ರಾಕಟ್. ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ ಸೆಟ್ಟಿಂಗ್ ಫೈಲಿನ ಹುಕ್ಸ್ ಸಾಲಿನಲ್ಲಿ ಕೀಬೋರ್ಡ್ ಎಂಬ ಹುಕ್ ಆಟೊಡಿಟೆಕ್ಟ್‌ಗಿಂತ ಮೊದಲು ಬರಬೇಕು. ನಂತರ ಬಂದರೆ, ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಗಳಿಗೆಯಲ್ಲಿ ಯಾವ ಕೀಬೋರ್ಡ್ ಸಿಕ್ಕಿಸಿತ್ತೋ ಅದರ ಡ್ರೈವರ್ ಮಾತ್ರ ಒಳಗೆ ಹೋಗುತ್ತದೆ. ಬೇರೊಂದನ್ನು ತಂದು ಸಿಕ್ಕಿಸಿದ ದಿನ ಕೈಕೊಡುತ್ತದೆ.

ರೀಬೂಟ್‌ಗೆ ಮೊದಲು ಒಳಗೆ ಏನಿದೆ ಎಂದು ನೋಡಿಬಿಡಿ. ಡೆಬಿಯನ್‌ನಲ್ಲಿ ಎಲ್ಎಸ್‌ಇನಿಟ್‌ರಾಮ್‌ಎಫ್‌ಎಸ್, ಫೆಡೋರಾದಲ್ಲಿ ಎಲ್ಎಸ್‌ಇನಿಟ್‌ಆರ್‌ಡಿ, ಆರ್ಚ್‌ನಲ್ಲಿ ಎಲ್ಎಸ್‌ಇನಿಟ್‌ಸಿಪಿಐಒ ಪಟ್ಟಿ ಕೊಡುತ್ತವೆ; ಗ್ರೆಪ್‌ನಲ್ಲಿ ಹುಡುಕಿ. ಪಟ್ಟಿಯಲ್ಲಿ ಸಿಗದಿದ್ದರೆ ತಕ್ಷಣ ತಪ್ಪಾಯಿತು ಎನ್ನಬೇಡಿ: ಡ್ರೈವರ್ ಕರ್ನಲ್ ಒಳಗೇ ಬೆರೆತಿದ್ದರೆ ಅದಕ್ಕೆ ಬೇರೆ ಫೈಲ್ ಇರುವುದಿಲ್ಲ. ಆ ಕರ್ನಲಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿರುವ ಮಾಡ್ಯೂಲ್ಸ್-ಡಾಟ್-ಬಿಲ್ಟಿನ್ ಫೈಲಿನಲ್ಲಿ ಹೆಸರಿದೆಯೇ ನೋಡಿ.

ಒಂದು ಕೀಯ ಕೆಲಸ ಬದಲಿಸುವುದು

ಕ್ಯಾಪ್ಸ್ ಲಾಕನ್ನು ಎಡಗಡೆಯ ಕಂಟ್ರೋಲ್ ಮಾಡಬೇಕು ಎನ್ನೋಣ. ಇವಿಟೆಸ್ಟ್ ಓಡಿಸಿ, ನಿಮ್ಮ ಕೀಬೋರ್ಡ್ ಆರಿಸಿ, ಆ ಕೀ ಒತ್ತಿ. ಸ್ಕ್ಯಾನ್ ಬೆಲೆ 70039 ಎಂದು ಬರುತ್ತದೆ: 7 ಎಂದರೆ ಕೀಬೋರ್ಡ್ ಪುಟ, 39 ಎಂದರೆ ಆ ಪುಟದಲ್ಲಿ ಕ್ಯಾಪ್ಸ್ ಲಾಕ್. ಇಟಿಸಿ ಒಳಗಿನ ಯುಡೆವ್, ಅದರೊಳಗಿನ ಎಚ್‌ಡಬ್ಲ್ಯುಡಿಬಿ-ಡಾಟ್-ಡಿ ಫೋಲ್ಡರಿನಲ್ಲಿ 90ರಿಂದ ಶುರುವಾಗಿ ಎಚ್‌ಡಬ್ಲ್ಯುಡಿಬಿ ಎಂದು ಕೊನೆಯಾಗುವ ಹೆಸರಿನ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಕೀಬೋರ್ಡಿನ ಗುರುತು: ಇವಿಡೆವ್, ಇನ್‌ಪುಟ್, ಬಿ0003, ಮುಂದೆ ವಿ ಮತ್ತು ತಯಾರಕರ ಸಂಖ್ಯೆ, ಪಿ ಮತ್ತು ಮಾದರಿ ಸಂಖ್ಯೆ, ಕೊನೆಗೆ ನಕ್ಷತ್ರ. ಇವಿಡೆವ್, ಇನ್‌ಪುಟ್ ಎರಡರ ನಂತರವೂ ಕೋಲನ್, ಉಳಿದದ್ದು ಒತ್ತಾಗಿ. ಎರಡನೆಯ ಸಾಲಿನಲ್ಲಿ ಕೀಬೋರ್ಡ್, ಕೀ, 70039 ಮೂರನ್ನೂ ಅಂಡರ್‌ಸ್ಕೋರ್‌ನಿಂದ ಜೋಡಿಸಿ, ಪದಗಳನ್ನು ದೊಡ್ಡಕ್ಷರದಲ್ಲಿ ಬರೆದು, ಸಮ ಚಿಹ್ನೆಯ ಬಳಿಕ ಲೆಫ್ಟ್‌ಸಿಟಿಆರ್‌ಎಲ್ ಎಂದು ಸಣ್ಣಕ್ಷರದಲ್ಲಿ ಹಾಕಿ.

ಇಲ್ಲಿ ತಪ್ಪುವುದು ಎರಡೇ ಕಡೆ. ಎರಡನೆಯ ಸಾಲು ಒಂದು ಖಾಲಿ ಜಾಗದಿಂದ ಶುರುವಾಗಬೇಕು. ಮೊದಲ ಸಾಲಿನ ಸಂಖ್ಯೆಗಳೊಳಗಿನ ಹೆಕ್ಸ್ ಅಕ್ಷರಗಳು (ಇಂಗ್ಲಿಷಿನ ಎ ಇಂದ ಎಫ್‌ವರೆಗಿನವು) ದೊಡ್ಡಕ್ಷರದಲ್ಲೇ ಇರಬೇಕು. ಎಲ್ಎಸ್‌ಯುಎಸ್‌ಬಿ ಅವನ್ನು ಸಣ್ಣಕ್ಷರದಲ್ಲಿ ತೋರಿಸುವುದರಿಂದ ಹಾಗೇ ನಕಲು ಮಾಡಿದರೆ ಹೊಂದುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಮುಗಿದ ಮೇಲೆ ಸಿಸ್ಟಂಡಿ-ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್, ನಂತರ ಯುಡೆವ್‌ಎಡಿಎಂ ಟ್ರಿಗರ್.

ಇನ್ನೆರಡು ಸಣ್ಣ ತೊಂದರೆ

ಸ್ವಲ್ಪ ಹೊತ್ತು ಸುಮ್ಮನಿದ್ದು ಟೈಪ್ ಮಾಡಿದಾಗ ಮೊದಲ ಅಕ್ಷರ ನುಂಗಿಹೋದರೆ, ವಿದ್ಯುತ್ ಉಳಿಸುವ ಯಾವುದೋ ಟೂಲ್ ಕೀಬೋರ್ಡನ್ನು ಮಲಗಿಸುತ್ತಿದೆ. ಸಿಸ್ ಫೋಲ್ಡರಿನಲ್ಲಿ ಆ ಸಾಧನದ ಪವರ್ ಒಳಗಿನ ಕಂಟ್ರೋಲ್ ಫೈಲಿಗೆ ಆನ್ ಎಂದು ಬರೆಯಿರಿ. ಅದು ರೀಬೂಟ್ ತನಕ ಮಾತ್ರ ಉಳಿಯುತ್ತದೆ. ಶಾಶ್ವತವಾಗಿ ಬೇಕಿದ್ದರೆ ಯುಡೆವ್ ನಿಯಮವಾಗಿ (ಸಾಧನ ಸಿಕ್ಕಾಗಲೆಲ್ಲ ತಾನಾಗಿ ಜಾರಿಯಾಗುವ ಸಾಲಾಗಿ) ಹಾಕಿ.

ಎಫ್1ರಿಂದ ಎಫ್12ರವರೆಗಿನ ಕೀಗಳು ಬರೀ ಬೆಳಕು, ಧ್ವನಿ ಬದಲಿಸುತ್ತಿದ್ದರೆ, ಕೀಬೋರ್ಡ್ ಆಪಲ್ ಎಂದು ಗುರುತಿಸಿಕೊಳ್ಳುತ್ತಿದೆಯೇ ನೋಡಿ. ಬೇರೆ ತಯಾರಕರ ಕೆಲವು ಕೀಬೋರ್ಡ್‌ಗಳೂ ಹೀಗೆ ಮಾಡುತ್ತವೆ. ಆಗ ಎಚ್‌ಐಡಿ-ಆಪಲ್ ಮಾಡ್ಯೂಲಿಗೆ ಎಫ್‌ಎನ್‌ಮೋಡ್ ಬೆಲೆ 2 ಕೊಡುವ ಸಾಲನ್ನು ಮಾಡ್‌ಪ್ರೋಬ್-ಡಾಟ್-ಡಿ ಫೋಲ್ಡರಿನ ಫೈಲೊಂದರಲ್ಲಿ ಬರೆದು ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ. ಕಟ್ಟದಿದ್ದರೆ ಮಾಡ್ಯೂಲ್ ಬೂಟ್ ಶುರುವಿನಲ್ಲೇ ಹಳೆಯ ಬೆಲೆಯೊಂದಿಗೆ ಲೋಡ್ ಆಗಿ, ನೀವು ಬರೆದ ಸಾಲು ಓದದೆ ಉಳಿದುಬಿಡಬಹುದು.