ದೋಣಿಯಲ್ಲಿ ಗಾಳದ ರಾಡ್‌ಗೊಂದು ಜಾಗ ಮಾಡಿ

ದೋಣಿಗೆ ಹತ್ತಿದ ಮೇಲೆ ಗಾಳದ ರಾಡ್‌ಗೆ ಇರುವ ದೊಡ್ಡ ಅಪಾಯ ನಮ್ಮದೇ ಕಾಲು. ಅಂಜಲ್ ಮೀನು ಎಷ್ಟೇ ಜೋರಾಗಿ ಎಳೆದರೂ ಒಳ್ಳೆಯ ರಾಡ್ ಬಾಗಿ ತಡೆದುಕೊಳ್ಳುತ್ತದೆ. ಅದೇ ರಾಡ್ ತಳದಲ್ಲಿ ಬಿದ್ದಿರುವಾಗ ಐಸ್ ಪೆಟ್ಟಿಗೆ ಜಾರಿ ಬಂದು ತಾಗಿದರೆ, ಲಂಗರು ಎತ್ತಲು ಓಡಿದವರ ಹಿಮ್ಮಡಿ ಬಿದ್ದರೆ, ಅಲ್ಲಿಗೆ ಮುಗಿಯಿತು. ಮಂಗಳೂರಿನ ಹಳೆ ಬಂದರಿನಿಂದಲೋ ಮಲ್ಪೆಯಿಂದಲೋ ನಾಡದೋಣಿ ಮಾಡಿಕೊಂಡು ಹವ್ಯಾಸಕ್ಕೆ ಗಾಳ ಹಾಕಲು ಹೋಗುವವರು ಈಗ ಜಾಸ್ತಿ. ಸಾವಿರಾರು ರೂಪಾಯಿ ಕೊಟ್ಟು ರಾಡ್ ತರುತ್ತಾರೆ. ಅದನ್ನು ಇಡುವ ಜಾಗದ ಬಗ್ಗೆ ಮಾತ್ರ ದೋಣಿ ಹತ್ತಿದ ಮೇಲೆ ಯೋಚಿಸುತ್ತಾರೆ. ನಾಡದೋಣಿ ಇರುವುದು ಬಲೆ ಹಾಕುವವರಿಗೆ. ಅಲ್ಲಿ ರಾಡ್ ಇಡಲು ಯಾರೂ ಜಾಗ ಬಿಟ್ಟಿರುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಕೈ ಹಾಕುವ ಮೊದಲು ನಿಮ್ಮ ರಾಡ್ ಯಾವುದು ಎಂದು ನೋಡಿ. ಫೈಬರ್‌ಗ್ಲಾಸ್ ರಾಡ್ ಭಾರ, ಆದರೆ ಗಟ್ಟಿಪಿಂಡ. ಸಣ್ಣಪುಟ್ಟ ಪೆಟ್ಟಿಗೆ ಜಗ್ಗುವುದಿಲ್ಲ. ಕಾರ್ಬನ್ ರಾಡ್ ಹಗುರ, ಕೈಗೆ ಚುರುಕು. ಆದರೆ ಅದರ ಗೋಡೆ ತೆಳು. ಸೀಸದ ಗುಂಡು ಒಮ್ಮೆ ಟಕ್ಕೆಂದು ಬಡಿದರೆ ಆಗ ಏನೂ ಕಾಣುವುದಿಲ್ಲ. ಉಗುರಿನಿಂದ ಸವರಿದರೆ ಮಾತ್ರ ಗೊತ್ತಾಗುವ ಒಂದು ಸಣ್ಣ ಗೀರು. ವಾರ ಕಳೆದು ಒಂದು ಸಾಧಾರಣ ಮುರು ಮೀನು ಎಳೆದಾಗ ಸರಿಯಾಗಿ ಅಲ್ಲೇ ಮುರಿಯುತ್ತದೆ. ಆಗ ನಾವು ಕಂಪನಿಯನ್ನು ಬೈಯುತ್ತೇವೆ, ಅಲ್ವಾ? ಹಾಗಾಗಿ ಮುಂದೆ ಹೇಳುವುದೆಲ್ಲ ಕಾರ್ಬನ್ ರಾಡ್ ಇರುವವರು ಇನ್ನೂ ಸ್ವಲ್ಪ ಗಮನವಿಟ್ಟು ಓದುವುದು ಒಳ್ಳೆಯದು.

ಪಿವಿಸಿ ಪೈಪಿನ ಸ್ಟ್ಯಾಂಡ್

ಅಂಗಡಿಯಲ್ಲಿ ಸ್ಟೀಲಿನ ರಾಡ್ ಹೋಲ್ಡರ್ ಸಿಗುತ್ತದೆ. ಸುಮ್ನೆ ನಿಲ್ಲಿಸಿಡಲು ಅಷ್ಟೆಲ್ಲ ಬೇಡ. ನೀರಿನ ಪೈಪ್ ಮಾರುವ ಅಂಗಡಿಯಿಂದ 50 ಮಿ.ಮೀ. ಪಿವಿಸಿ ಪೈಪ್ ತನ್ನಿ. ಈ ಅಳತೆ ಪೈಪಿನ ಹೊರಗಿನದ್ದು, ಒಳಗೆ ಅದಕ್ಕಿಂತ ಕಡಿಮೆ ಇರುತ್ತದೆ. ಆದ್ದರಿಂದ ಅಂಗಡಿಗೆ ರಾಡನ್ನೇ ತೆಗೆದುಕೊಂಡು ಹೋಗಿ, ಬುಡವನ್ನು ಪೈಪಿಗೆ ಹಾಕಿ ನೋಡಿ. ಸಲೀಸಾಗಿ ಇಳಿಯಬೇಕು, ಲೊಡಲೊಡ ಅನ್ನಬಾರದು.

ರಾಡಿನ ಬುಡದಿಂದ ರೀಲ್ ಕೂರುವ ಜಾಗದವರೆಗೆ ಅಳೆಯಿರಿ. ಹೆಚ್ಚಿನ ರಾಡ್‌ಗಳಿಗೆ 25ರಿಂದ 30 ಸೆಂ.ಮೀ. ತುಂಡು ಸಾಕು. ಹಿಡಿ ಗಿಡ್ಡವಾಗಿದ್ದು ರೀಲ್ ಪೈಪಿನ ಬಾಯಿಗೆ ತಾಗುವಂತಿದ್ದರೆ, ಪೈಪಿನ ಮೇಲ್ತುದಿಯಲ್ಲಿ ಎರಡು ಬೆರಳು ಅಗಲದ ಒಂದು ಕಚ್ಚು ಮಾಡಿ. ರೀಲಿನ ಕಾಲು ಅದರಲ್ಲಿ ಇಳಿದು ಕೂರುತ್ತದೆ. ದೋಣಿ ಹೊಯ್ದಾಡುವಾಗ ರಾಡ್ ಸುತ್ತ ತಿರುಗುವುದೂ ನಿಲ್ಲುತ್ತದೆ.

ಹ್ಯಾಕ್ಸಾದಲ್ಲಿ ಕೊಯ್ದ ಅಂಚು ಚೂಪಾಗಿರುತ್ತದೆ. ಮರಳು ಕಾಗದ ಹಾಕಿ ನುಣ್ಣಗೆ ಉಜ್ಜಿ. ಉಜ್ಜಿದರೆ ಸಾಲದು. ಹಳೆ ಸೈಕಲ್ ಟ್ಯೂಬ್ ಸೀಳಿ ಬಾಯಿಯ ಸುತ್ತ ಅಂಟಿಸಿ. ಎಂಜಿನ್ ಓಡುವಷ್ಟು ಹೊತ್ತೂ ರಾಡ್ ಆ ಅಂಚಿಗೆ ಉಜ್ಜುತ್ತಲೇ ಇರುತ್ತದೆ. ಬರಿ ಪ್ಲಾಸ್ಟಿಕ್ ಇದ್ದರೆ ಹಿಡಿಯ ಫೋಮ್ ಎದ್ದು ಬರುತ್ತದೆ.

ಪೈಪಿನ ಕೆಳಬಾಯಿಗೆ ಮುಚ್ಚಳ ಹಾಕಬೇಡಿ. ಉಪ್ಪು ನೀರು ಒಳಗೆ ನಿಂತರೆ ಬುಡದ ರಬ್ಬರ್ ಟೋಪಿ ಹಾಳು. ಬದಲಿಗೆ ಕೆಳಗಿನಿಂದ ಮೂರು ಸೆಂ.ಮೀ. ಮೇಲೆ ಅಡ್ಡಕ್ಕೆ ತೂತು ಕೊರೆದು ಒಂದು ಸ್ಟೀಲ್ ಬೋಲ್ಟ್ ತೂರಿಸಿ. ರಾಡ್ ಅದರ ಮೇಲೆ ನಿಲ್ಲುತ್ತದೆ, ನೀರು ಇಳಿದು ಹೋಗುತ್ತದೆ. ದೊಡ್ಡ ಮೀನಿನ ರಾಡಿನ ಬುಡದಲ್ಲಿ ಕೂಡಿಸುವ ಗುರುತಿನಂತೆ ಒಂದು ಕಚ್ಚು ಇರುತ್ತದೆ. ಅದು ಈ ಬೋಲ್ಟಿನ ಮೇಲೆ ಕೂತರೆ ಇನ್ನೂ ಭದ್ರ.

ಬೋಲ್ಟ್, ಕ್ಲ್ಯಾಂಪ್ ವಿಷಯದಲ್ಲಿ ಜಿಪುಣತನ ಬೇಡ ಮಾರಾಯ್ರೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಕ್ಲ್ಯಾಂಪ್ ಈ ಉಪ್ಪು ಗಾಳಿಗೆ ಒಂದು ಸೀಸನ್ ಬಾಳುವುದೇ ಕಷ್ಟ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ತರಾವರಿ ಉಂಟು. 202 ದರ್ಜೆಯದ್ದು ಅಡುಗೆ ಮನೆಗೆ ಸರಿ, ಕಡಲಿಗೆ ಆಗದು. 304 ಪರವಾಗಿಲ್ಲ. 316 ಸಿಕ್ಕಿದರೆ ಅದನ್ನೇ ತನ್ನಿ. ಅಯಸ್ಕಾಂತ ಹಿಡಿದು, ಅಂಟಲಿಲ್ಲ, ಹಾಗಾಗಿ ಒಳ್ಳೆಯ ಸ್ಟೀಲ್ ಎಂದು ಅಂಗಡಿಯವರು ತೋರಿಸಿದರೆ ನಂಬಬೇಡಿ. 202 ಕೂಡ ಅಯಸ್ಕಾಂತಕ್ಕೆ ಸರಿಯಾಗಿ ಅಂಟುವುದಿಲ್ಲ.

ಕೂರಿಸುವುದು ಎಲ್ಲಿ?

ಸ್ವಂತ ದೋಣಿಯಾದರೆ ಹಿಂಬದಿಗೆ, ಎಂಜಿನ್‌ನಿಂದ ಒಂದು ಮಾರು ಈಚೆಗೆ, ಒಳಬದಿಯ ಗೋಡೆಗೆ ಕೂರಿಸಿ. ಮೂತಿಯ ಭಾಗ ಅಲೆಗೆ ಎದ್ದು ಬೀಳುವುದು ಜಾಸ್ತಿ. ಎಂಜಿನ್‌ಗೆ ತೀರಾ ಹತ್ತಿರ ಇಟ್ಟರೆ ಸೀಮೆಎಣ್ಣೆ ಸಿಡಿದು ಹಿಡಿ ಜಿಡ್ಡಾಗುತ್ತದೆ. ಎರಡು ಪೈಪಿನ ನಡುವೆ ಗೇಣಿನಷ್ಟಾದರೂ ಅಂತರ ಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ರೀಲಿಗೆ ರೀಲು ಕುಟ್ಟುತ್ತದೆ. ಫೈಬರ್ ದೋಣಿಗೆ ಸ್ಕ್ರೂ ಹೊಡೆಯುವುದಾದರೆ ತೂತಿನೊಳಗೆ ಸೀಲಂಟ್ ತುಂಬಿ ಆಮೇಲೆ ತಿರುಗಿಸಿ. ಫೈಬರಿನ ಒಳಗೆ ಪ್ಲೈವುಡ್ ಇರುವ ದೋಣಿಗಳಲ್ಲಿ ಒಂದು ತೂತಿನಿಂದ ನೀರು ಇಳಿದರೂ ಒಳಗೊಳಗೇ ಕೊಳೆಯುತ್ತದೆ.

ಬಾಡಿಗೆ ದೋಣಿಯಾದರೆ? ದೋಣಿ ಅಣ್ಣನ ಹತ್ತಿರ ಡ್ರಿಲ್ ಹಿಡಿದುಕೊಂಡು ಹೋದರೆ ವಾಪಸ್ ಕಳಿಸುತ್ತಾರೆ. ಅದಕ್ಕೆ ಬೇರೆ ಉಪಾಯ ಉಂಟು. ಮೂರಡಿ ಉದ್ದದ ಒಂದು ಗಟ್ಟಿ ಹಲಗೆ ತೆಗೆದುಕೊಂಡು, ನಾಲ್ಕು ಪೈಪನ್ನು ಅದಕ್ಕೇ ಕ್ಲ್ಯಾಂಪ್ ಮಾಡಿ. ಎರಡು ತುದಿಯಲ್ಲಿ ಹಗ್ಗ ಹಾಕಲು ತೂತು ಬಿಡಿ. ದೋಣಿಯಲ್ಲಿ ಕೂರುವ ಅಡ್ಡಹಲಗೆಗೆ ಇದನ್ನು ನಿಲ್ಲಿಸಿ ಬಿಗಿದು ಕಟ್ಟಿದರೆ ಆಯಿತು. ಸಂಜೆ ಬಿಚ್ಚಿಕೊಂಡು ಮನೆಗೆ ಬರಬಹುದು. ನನ್ನನ್ನು ಕೇಳಿದರೆ ಸ್ವಂತ ದೋಣಿಯವರಿಗೂ ಇದೇ ವಾಸಿ. ಬಲೆ ಹಾಕುವ ದಿನ ಇಡೀ ಸ್ಟ್ಯಾಂಡ್ ಎತ್ತಿ ಬದಿಗಿಡಬಹುದು. ನಿಂತ ಪೈಪಿಗೆ ಬಲೆ ಸಿಕ್ಕಿಕೊಂಡರೆ ಬಿಡಿಸುವ ರಗಳೆ ಬಲೆ ಎಳೆಯುವವರಿಗೇ ಗೊತ್ತು.

ಒಂದು ಎಚ್ಚರಿಕೆ. ಈ ಪಿವಿಸಿ ಪೈಪು ರಾಡ್ ನಿಲ್ಲಿಸಿಡಲು ಮಾತ್ರ. ದೋಣಿಯನ್ನು ನಿಧಾನಕ್ಕೆ ಓಡಿಸುತ್ತಾ ಹಿಂದೆ ನಕಲಿ ಮೀನು ಎಳೆದುಕೊಂಡು ಹೋಗುವಾಗ ಇದರಲ್ಲಿ ರಾಡ್ ಬಿಡಬೇಡಿ. ಅಂಜಲ್ ಹೊಡೆಯುವ ಏಟಿಗೆ ಪೈಪು ಸೀಳಿ ರಾಡು, ರೀಲು ಎರಡೂ ಕಡಲಿಗೆ ಹೋಗುತ್ತವೆ. ಅದಕ್ಕೆ ಬೋಲ್ಟ್ ಹಾಕಿ ಕೂರಿಸಿದ ಲೋಹದ ಹೋಲ್ಡರೇ ಬೇಕು. ಜೊತೆಗೆ ರೀಲಿನಿಂದ ದೋಣಿಗೆ ಒಂದು ಕೈಬೆರಳು ದಪ್ಪದ ಹಗ್ಗ ಕಟ್ಟಿರಲಿ.

ಹೊರಡುವಾಗ

ನಿಲ್ಲಿಸಿದ ರಾಡ್ ಚಂದ ಕಾಣುತ್ತದೆ ನಿಜ. ಆದರೆ ದಕ್ಕೆಯಿಂದ ಹೊರಡುವಾಗ ಮತ್ತು ವಾಪಸ್ ಬಂದು ಕಟ್ಟುವಾಗ ಅದು ನಿಂತಿರಬಾರದು. ಮಲ್ಪೆಯಲ್ಲಿ ಬೋಟ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದನ್ನು ನೋಡಿದ್ದೀರಲ್ಲ. ಪಕ್ಕದ ಬೋಟಿನ ಹಗ್ಗ ತುದಿಗೆ ಸಿಕ್ಕಿತೆಂದರೆ ಕಥೆ ಮುಗಿಯಿತು. ಅಳಿವೆ ದಾಟುವಾಗಲೂ ಅಷ್ಟೇ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವಲ್ಲಿ, ಕೋಡಿ ಬೆಂಗ್ರೆಯಲ್ಲಿ, ಇಳಿತದ ನೀರು ಮತ್ತು ಎದುರು ಅಲೆ ಕೂಡಿದಾಗ ದೋಣಿ ಎದ್ದು ಬೀಳುತ್ತದೆ. ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಆ ಕೈಗೆ ಸಿಕ್ಕಿದ್ದು ನಿಮ್ಮ ರಾಡ್ ಆಗದಿರಲಿ.

ಈ ಹೊತ್ತಿಗೆ ರಾಡ್ ಮಲಗಿಸಬೇಕು. ತಳದಲ್ಲಲ್ಲ, ದೋಣಿಯ ಒಳಬದಿಯ ಗೋಡೆಗೆ ತಾಗಿಸಿ. ಎರಡು ತುಂಡಿನ ರಾಡ್ ಆದರೆ ಬಿಚ್ಚಿ, ಒಂದರ ಪಕ್ಕ ಒಂದಿಟ್ಟು, ಮೇಲೊಂದು ಕೆಳಗೊಂದು ವೆಲ್ಕ್ರೋ ಪಟ್ಟಿ ಸುತ್ತಿ. ಬಿಗಿ ಜಾಸ್ತಿ ಬೇಡ, ತುಂಡುಗಳು ಬಾಗಬಾರದು. ಒಂದೇ ತುಂಡಿನ ಉದ್ದ ರಾಡ್ ಆದರೆ ಮೂರು ಕಡೆ ಆಧಾರ ಬೇಕು. ಎರಡೇ ಕಡೆ ಇಟ್ಟರೆ ನಡುವೆ ಕುಣಿಯುತ್ತದೆ. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸಿಗುತ್ತದಲ್ಲ, ಅದನ್ನು ಕತ್ತರಿಸಿ ಆಧಾರದ ಮೇಲೆ ಹಾಕಿ. ಮೇಲಿಂದ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸಿಕ್ಕಿಸಿ. ತುದಿ ಮಾತ್ರ ಬರಿದಾಗಿ ಬಿಡಬೇಡಿ. ಒಂದಿಂಚು ಪೈಪಿನ ಎರಡಡಿ ತುಂಡನ್ನು ಮೂತಿಯ ಕಡೆ ಕಟ್ಟಿ, ತುದಿಯನ್ನು ಅದರೊಳಗೆ ತೂರಿಸಿ. ರಾಡಿನಲ್ಲಿ ಮೊದಲು ಹೋಗುವುದು ತುದಿಯ ಒಂದು ಗೇಣೇ.

ಮಲಗಿಸುವ ಮೊದಲು ಇನ್ನೊಂದು ಕೆಲಸ. ಸೀಸದ ಗುಂಡು, ಜಿಗ್, ನಕಲಿ ಮೀನು ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿ. ನೇತಾಡುವ ಗುಂಡು ಅಲೆಯಲೆಗೂ ರಾಡಿಗೆ ಬಡಿಯುತ್ತದೆ. ಕೆಲವರು ಕೊಕ್ಕೆಯನ್ನು ತಂಗೂಸಿ (ಗಾಳದ ದಾರ) ಹಾದುಹೋಗುವ ಬಳೆಗೇ ಸಿಕ್ಕಿಸಿ ರೀಲ್ ತಿರುಗಿಸಿ ಬಿಗಿ ಮಾಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಆ ಬಳೆಯ ಒಳಗೆ ಇರುವುದು ಪಿಂಗಾಣಿಯಂಥ ಗಟ್ಟಿ ಉಂಗುರ. ಕೊಕ್ಕೆ ಕುಟ್ಟಿ ಕುಟ್ಟಿ ಅದು ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಬೀಳುವುದಿಲ್ಲ, ತಂಗೂಸಿಯನ್ನು ಮಾತ್ರ ಬ್ಲೇಡಿನಂತೆ ಕೊಯ್ಯುತ್ತದೆ. ಕೊಕ್ಕೆ ಸಿಕ್ಕಿಸಲು ಹಿಡಿಯ ಮೇಲೆ ಸಣ್ಣ ಕೊಂಡಿ ಇರುತ್ತದೆ. ಇಲ್ಲದಿದ್ದರೆ ರೀಲಿನ ಕಾಲಿಗೆ ಸಿಕ್ಕಿಸಿ.

ಸಿಡಿಲಿನ ವಿಷಯ ಹೇಳಲೇಬೇಕು. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಇಲ್ಲಿ ಗುಡುಗು ಮಳೆ ದಿಢೀರ್ ಬರುತ್ತದೆ. ಬಟಾ ಬಯಲು ನೀರಿನ ಮೇಲೆ ರಾಡ್ ನಿಲ್ಲಿಸಿಕೊಂಡು ಕೂರುವುದು ಸಿಡಿಲನ್ನು ಕರೆದ ಹಾಗೆ. ಗುಡುಗು ಕೇಳಿದ ಕೂಡಲೇ ಮಲಗಿಸಿ ದಡಕ್ಕೆ ಹೊರಡಿ. ನದಿಯಲ್ಲಿ ಹೋಗುವಾಗ ಕುದ್ರುಗಳಿಗೆ (ನದಿ ನಡುವಿನ ದ್ವೀಪಗಳಿಗೆ) ಎಳೆದ ಕರೆಂಟ್ ತಂತಿ ಎದುರಾದರೆ, ಭರತದ ಹೊತ್ತಿನಲ್ಲಿ ನೀರು ಏರಿ ತಂತಿ ಇನ್ನೂ ಹತ್ತಿರವಾಗಿರುತ್ತದೆ. ಅಲ್ಲೂ ರಾಡ್ ಕೆಳಗೇ ಇರಲಿ.

ದಡಕ್ಕೆ ಬಂದ ಮೇಲೆ

ಉಪ್ಪು ಒಣಗುವ ಮೊದಲೇ ತೊಳೆಯಬೇಕು. ಮೀನು ಹೆಚ್ಚುವ ಗಡಿಬಿಡಿಯಲ್ಲಿ ರಾಡ್ ನಾಳೆ ತೊಳೆದರಾಯಿತು ಅನಿಸುತ್ತದೆ. ಬೇಡ. ರೀಲಿನ ಡ್ರ್ಯಾಗ್, ಅಂದರೆ ತಂಗೂಸಿ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವ ತಿರುಪು, ಪೂರ್ತಿ ಬಿಗಿ ಮಾಡಿ, ನಲ್ಲಿಯ ನೀರನ್ನು ಸಣ್ಣಗೆ ಬಿಟ್ಟು ತೊಳೆಯಿರಿ. ಬಿಗಿ ಇದ್ದರೆ ನೀರು ಒಳಗಿನ ವಾಷರ್‌ಗಳಿಗೆ ಇಳಿಯುವುದು ಕಡಿಮೆ. ಗಾಡಿ ತೊಳೆಯುವ ಪ್ರೆಶರ್ ಪೈಪ್ ಹಿಡಿಯಲೇಬೇಡಿ. ಅದು ಉಪ್ಪನ್ನು ಬೇರಿಂಗ್‌ನೊಳಗೆ ತಳ್ಳುತ್ತದೆ. ರೀಲನ್ನು ಬಕೆಟ್‌ನಲ್ಲಿ ಮುಳುಗಿಸುವುದೂ ಬೇಡ. ಬೇಸಿಗೆಯಲ್ಲಿ ಅಳಿವೆ ಹತ್ತಿರದ ಬಾವಿ ನೀರು ಉಪ್ಪಾಗಿರುತ್ತದೆ. ಆ ನೀರಿನಲ್ಲಿ ತೊಳೆದರೆ ತೊಳೆದ ಹಾಗಲ್ಲ. ನಲ್ಲಿ ನೀರು ಎರಡು ಕ್ಯಾನ್ ತುಂಬಿಸಿ ಇಟ್ಟುಕೊಳ್ಳಿ.

ಬಳೆಗಳ ಕಾಲು ರಾಡಿಗೆ ಕೂಡುವಲ್ಲಿ ಉಪ್ಪು ಅಡಗಿರುತ್ತದೆ. ಹಳೆ ಹಲ್ಲುಜ್ಜುವ ಬ್ರಶ್‌ಗೆ ಒಂದು ತೊಟ್ಟು ಶಾಂಪೂ ಹಾಕಿ ಅಲ್ಲಿ ಉಜ್ಜಿ. ಸೀಮೆಎಣ್ಣೆ ಜಿಡ್ಡೂ ಇದರಲ್ಲೇ ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಆಮೇಲೆ ಡ್ರ್ಯಾಗ್ ಸಡಿಲ ಮಾಡುವುದು ಮರೆಯಬೇಡಿ. ಬಿಗಿಯಾಗೇ ಬಿಟ್ಟರೆ ವಾಷರ್ ಅಮುಕಿ ಹೋಗಿ, ಮುಂದಿನ ಸಲ ತಂಗೂಸಿ ಜರ್ಕು ಜರ್ಕಾಗಿ ಬಿಡುತ್ತದೆ.

ಎರಡು ತುಂಡು ಸೇರುವ ಜೋಡಣೆಗೆ ಮೇಣದಬತ್ತಿಯನ್ನು ಒಮ್ಮೆ ಸವರಿ. ಉಪ್ಪು, ಮರಳು ಸಿಕ್ಕಿ ಕಚ್ಚಿಕೊಳ್ಳುವುದಿಲ್ಲ. ರೀಲಿಗೆ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ದಿನ ಕಳೆದಂತೆ ಅದು ಅಂಟಾಗುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ಹನಿ ಸಾಕು.

ಮಳೆಗಾಲದ ತಿಂಗಳುಗಳು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳಿಗೆ ಕಡಲು ಬಂದ್. ಕಡಲು ಹುಚ್ಚೆದ್ದಿರುವಾಗ ಹವ್ಯಾಸಕ್ಕೆ ದೋಣಿ ಇಳಿಸುವುದೂ ತರವಲ್ಲ. ಅಂದರೆ ರಾಡ್ ಮನೆಯಲ್ಲೇ ಇರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಗೋಡೆಗೆ ಒರಗಿಸಿಟ್ಟರೆ ಹಿಡಿಯ ಕಾರ್ಕ್‌ಗೆ ಬೂಸ್ಟು ಹಿಡಿಯುತ್ತದೆ, ತಿಂಗಳುಗಟ್ಟಲೆ ಒರಗಿ ನಿಂತ ರಾಡ್ ಬಾಗಲೂಬಹುದು. ಗೋಡೆಯಿಂದ ನಾಲ್ಕು ಬೆರಳು ಆಚೆ ಬರುವಂತೆ ಮರದ ಗೂಟಗಳನ್ನು ಹೊಡೆದು, ಅದರ ಮೇಲೆ ಮಲಗಿಸಿ. ಬಟ್ಟೆ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ತೇವ ಕೂರುತ್ತದೆ. ಗಾಳಿಯಾಡುವ ಬಲೆಯಂಥ ತೋಳು ಸಿಗುತ್ತದೆ, ಅದಾದರೆ ಅಡ್ಡಿಯಿಲ್ಲ. ರೀಲನ್ನು ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಅದರೊಳಗೆ ಹಾಕಿ.

ಆಗಸ್ಟ್‌ನಲ್ಲಿ ಸಮುದ್ರ ಪೂಜೆಯ ಹೊತ್ತಿಗೆ ಒಂದು ತಪಾಸಣೆ ಮಾಡಿ. ಹತ್ತಿಯನ್ನು ಬತ್ತಿಯಂತೆ ಹೊಸೆದು ಒಂದೊಂದು ಬಳೆಯೊಳಗೂ ತಿರುಗಿಸಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಿರುಕು ಇದೆ. ಆ ಬಳೆ ಬದಲಿಸಿ. ತುದಿಯ ಬಳೆ ಒಂದೇ ಹೋಗಿದ್ದರೆ ಮನೆಯಲ್ಲೇ ಸರಿ ಮಾಡಬಹುದು. ಹಳೆಯದನ್ನು ಕುದಿಯುವ ನೀರಿನ ಹಬೆಗೆ ಹಿಡಿದರೆ ಅಂಟು ಸಡಿಲಾಗಿ ಕಳಚುತ್ತದೆ. ಅದೇ ಅಳತೆಯ ಹೊಸದನ್ನು ಬಿಸಿ ಅಂಟು ಹಾಕಿ, ಕೆಳಗಿನ ಬಳೆಗಳ ನೇರಕ್ಕೆ ಒಂದು ಕಣ್ಣು ಮುಚ್ಚಿ ನೋಡಿ ಕೂರಿಸಿ. ಲೈಟರ್ ಬೆಂಕಿಯನ್ನು ಮಾತ್ರ ಕಾರ್ಬನ್‌ಗೆ ತಾಗಿಸಬೇಡಿ, ಒಳಗಿನ ಅಂಟು ಸುಟ್ಟು ತುದಿ ಸತ್ತುಹೋಗುತ್ತದೆ. ರಾಡ್ ನಡುವೆ ಮುರಿದಿದ್ದರೆ ರಿಪೇರಿಗೆ ಸುಮ್ನೆ ಹಣ ಸುರಿಯುವುದು ಬೇಡ. ಒಳ್ಳೆಯದಿರುವ ಬಳೆಗಳನ್ನೂ ರೀಲ್ ಸೀಟನ್ನೂ ಬಿಚ್ಚಿ ಇಟ್ಟುಕೊಳ್ಳಿ, ಇನ್ನೊಂದು ರಾಡಿಗೆ ಬೇಕಾಗುತ್ತದೆ.