ಸ್ಮಾರ್ಟ್ ಮೀಟರ್ ಹಾಕಿಸಿಕೊಂಡವರ ಗಮನಕ್ಕೆ

ಹಳೆಯ ಮೀಟರಿನಿಂದ ತಿಂಗಳಿಗೊಂದು ರೀಡಿಂಗ್ ಮಾತ್ರ ಸಿಗುತ್ತಿತ್ತು. ಸ್ಮಾರ್ಟ್ ಮೀಟರ್ ಸಾಮಾನ್ಯವಾಗಿ 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸಿಕೊಳ್ಳುತ್ತದೆ. ಈ ದಾಖಲೆಯ ಗ್ರಾಫಿನಲ್ಲಿ ಬೆಳಿಗ್ಗೆ ಗೀಸರ್ ಹಾಕಿದೊಡನೆ ಮೇಲೇರುವ ಗೆರೆ, ನಾವು ಊರಿಗೆ ಹೋದಾಗ ಫ್ರಿಜ್ ಒಂದೇ ಓಡುತ್ತಾ ನಾಲ್ಕು ದಿನ ತಳದಲ್ಲೇ ಉಳಿಯುವ ಗೆರೆ, ಇವನ್ನು ನೋಡಿದ ಯಾರಿಗಾದರೂ ಮನೆ ಖಾಲಿಯಿರುವುದು ತಿಳಿದುಬಿಡುತ್ತದೆ. ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಕಡ್ಡಾಯ ಸ್ಮಾರ್ಟ್ ಮೀಟರ್ ಪ್ರಸ್ತಾವವನ್ನು ತಡೆದದ್ದಕ್ಕೂ ಖಾಸಗಿತನದ ಆತಂಕವೇ ಮುಖ್ಯ ಕಾರಣ.

ಆದ್ದರಿಂದ ಬಳಕೆಯ ಗ್ರಾಫನ್ನಾಗಲಿ, ಆರ್.ಆರ್. ಸಂಖ್ಯೆ (ನಿಮ್ಮ ವಿದ್ಯುತ್ ಖಾತೆಯ ಸಂಖ್ಯೆ) ಕಾಣುವ ಬಿಲ್ಲಿನ ಫೋಟೋವನ್ನಾಗಲಿ ದಯವಿಟ್ಟು ಗುಂಪುಗಳಲ್ಲಿ ಹಾಕಬೇಡಿ. ಬಾಡಿಗೆ ಮನೆಗೆ ಹೊಸದಾಗಿ ಬಂದವರು, ಹಿಂದಿನವರ ಮೊಬೈಲ್ ಸಂಖ್ಯೆ ಆ ಖಾತೆಗೆ ಇನ್ನೂ ಜೋಡಣೆಯಾಗಿದೆಯೇ ಎಂದು ಮೊದಲು ವಿಚಾರಿಸಿ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಇದನ್ನು ಬಹಳ ಜನ ಮರೆಯುತ್ತಾರೆ.

“ಇಂದು ರಾತ್ರಿ ಕರೆಂಟ್ ಕಡಿತಗೊಳ್ಳುತ್ತದೆ, ಈ ಅಧಿಕಾರಿಗೆ ಕರೆ ಮಾಡಿ” ಎಂಬ ಸಂದೇಶ ಬಂದರೆ, ಅದರಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಅವರು ಹೇಳಿದ ಆ್ಯಪ್ ಇಳಿಸಿಕೊಳ್ಳದೆ, ನೇರವಾಗಿ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಕೇಳಿ. ಮೀಟರ್ ಪರಿಶೀಲನೆಗೆಂದು ಬಂದವರು ಒಟಿಪಿ ಕೇಳಿದರೆ ಕೊಡಬೇಡಿ, ಗುರುತಿನ ಚೀಟಿ ನೋಡಿದ ಮೇಲೆಯೇ ಗೇಟು ತೆರೆಯಿರಿ.