ಶ್ವೇತಭವನದ ಔತಣಕ್ಕೆ ಸಿದ್ಧತೆ ಹೇಗೆ?

ಅಮೆರಿಕದ ಅಧ್ಯಕ್ಷರ ಪತ್ನಿಯನ್ನು ಪ್ರಥಮ ಮಹಿಳೆ ಎನ್ನುತ್ತಾರೆ. ಆದರೆ ಸಂವಿಧಾನದಲ್ಲಿ ಅಂಥ ಹುದ್ದೆಯೇ ಇಲ್ಲ. ಸಂಬಳವೂ ಇಲ್ಲ. ಆದರೂ ಬೇರೆ ದೇಶದ ನಾಯಕರು ಶ್ವೇತಭವನಕ್ಕೆ ಊಟಕ್ಕೆ ಬಂದರೆ ಮನೆಯೊಡತಿಯ ಹೊಣೆಯೆಲ್ಲ ಅವರದೇ. ನಾಲ್ಕುನೂರು ಜನರ ಮದುವೆ ಮಾಡಿದವರಿಗೆ ಆ ಭಾರ ಎಂಥದೆಂದು ಗೊತ್ತು.

ಮೊದಲು ಕರೆಯಬೇಕಾದವರ ಪಟ್ಟಿ. ಇದಕ್ಕೆ ಸೋಷಿಯಲ್ ಸೆಕ್ರೆಟರಿ, ಅಂದರೆ ಔತಣ-ಸಮಾರಂಭಗಳನ್ನು ನೋಡಿಕೊಳ್ಳುವ ಕಾರ್ಯದರ್ಶಿ, ನೆರವಾಗುತ್ತಾರೆ. 1901ರಲ್ಲಿ ಆಗಿನ ಪ್ರಥಮ ಮಹಿಳೆ ಈಡಿತ್ ರೂಸ್‌ವೆಲ್ಟ್ ಅವರು ಇಸಬೆಲ್ಲಾ ಹ್ಯಾಗ್ನರ್ ಅವರನ್ನು ನೇಮಿಸಿಕೊಂಡಲ್ಲಿಂದ ಬಂದ ಹುದ್ದೆ ಇದು. ಔತಣದ ದೊಡ್ಡ ಕೋಣೆಯಾದ ಸ್ಟೇಟ್ ಡೈನಿಂಗ್ ರೂಮಿನಲ್ಲಿ ಸುಮಾರು 140 ಮಂದಿ ಕೂರಬಹುದು. ಪಟ್ಟಿ ಅದನ್ನು ತುಂಬ ಮೀರಿದರೆ ದಕ್ಷಿಣದ ಹುಲ್ಲುಹಾಸಿನಲ್ಲಿ ಶಾಮಿಯಾನ ಹಾಕಬೇಕು.

ಹೆಸರುಗಳು ಖಚಿತವಾದ ಮೇಲೆ ಆಮಂತ್ರಣ ಪತ್ರಗಳ ಬರವಣಿಗೆ. ಅಂದವಾಗಿ ಅಕ್ಷರ ಬರೆಯುವವರದೇ ಒಂದು ವಿಭಾಗ ಶ್ವೇತಭವನದಲ್ಲಿದೆ.

ಮೂರನೆಯದು ಊಟ. ಎಲ್ಲಕ್ಕಿಂತ ಹೆಚ್ಚು ತಲೆ ಓಡಿಸಬೇಕಾದದ್ದು ಇಲ್ಲಿಯೇ. ಅತಿಥಿ ಏನು ತಿನ್ನುತ್ತಾರೆ, ಏನು ಮುಟ್ಟುವುದಿಲ್ಲ ಎಂದು ಮೊದಲೇ ತಿಳಿದುಕೊಳ್ಳಬೇಕು. 2023ರ ಜೂನ್ 22ರಂದು ಪ್ರಧಾನಿ ನರೇಂದ್ರ ಮೋದಿಯವರಿಗೆ ಔತಣವಿದ್ದಾಗ ಆಗಿನ ಪ್ರಥಮ ಮಹಿಳೆ ಜಿಲ್ ಬೈಡನ್ ಅವರು ಸಸ್ಯಾಹಾರದ ಅಡುಗೆಯಲ್ಲಿ ಪಳಗಿದ ನೀನಾ ಕರ್ಟಿಸ್ ಅವರನ್ನು ಹೊರಗಿನಿಂದ ಕರೆಸಿ, ಶ್ವೇತಭವನದ ಮುಖ್ಯ ಬಾಣಸಿಗರಾಗಿದ್ದ ಕ್ರಿಸ್ಟೆಟಾ ಕಾಮರ್ಫೋರ್ಡ್ ಅವರ ಜೊತೆಗೂಡಿಸಿದರು. ಮೊದಲು ಬಡಿಸಿದ್ದು ಸಿರಿಧಾನ್ಯ ಮತ್ತು ಸುಟ್ಟ ಮೆಕ್ಕೆಜೋಳದ ಸಲಾಡ್. ಆಮೇಲೆ ಹೂರಣ ತುಂಬಿದ ಅಣಬೆ, ಕೇಸರಿ ಬೆರೆಸಿದ ರಿಸೊಟ್ಟೊ ಎಂಬ ಇಟಲಿಯ ಅನ್ನದ ಅಡುಗೆ. ಕೊನೆಗೆ ಗುಲಾಬಿ, ಏಲಕ್ಕಿ ಪರಿಮಳದ ಸ್ಟ್ರಾಬೆರಿ ಸಿಹಿ. ಮೀನು ಬೇಕೆಂದವರಿಗೆ ಮಾತ್ರ ಮೀನು. ಅದು ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ ಘೋಷಿಸಿದ ಸಿರಿಧಾನ್ಯ ವರ್ಷ. ಅತಿಥಿಯ ನೆಲದ ಧಾನ್ಯವನ್ನು ಮೊದಲ ತಟ್ಟೆಗೇ ತಂದದ್ದು ನನಗಂತೂ ತುಂಬ ಹಿಡಿಸಿತು.

ಮುಂದೆ ಮೇಜು. 1961ಕ್ಕೆ ಮೊದಲು ಇಂಥ ಔತಣಗಳಲ್ಲಿ ಉದ್ದನೆಯ ಮೇಜುಗಳನ್ನು ಜೋಡಿಸುತ್ತಿದ್ದರು. ಎಡಬಲದವರ ಜೊತೆ ಬಿಟ್ಟರೆ ಮಾತಿಗೆ ದಾರಿಯಿರಲಿಲ್ಲ. ಜಾಕ್ವೆಲಿನ್ ಕೆನಡಿ ಎಂಟು-ಹತ್ತು ಜನ ಕೂರುವ ದುಂಡು ಮೇಜುಗಳನ್ನು ತಂದರು. ಅದೇ ವರ್ಷ ಜುಲೈ 11ರಂದು ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರಿಗೆ ಔತಣವನ್ನು ಜಾರ್ಜ್ ವಾಷಿಂಗ್ಟನ್ನರ ಮನೆಯಾದ ಮೌಂಟ್ ವರ್ನನ್‌ನಲ್ಲಿ ಏರ್ಪಡಿಸಿ, ಅತಿಥಿಗಳನ್ನು ನದಿಯ ಮೇಲೆ ದೋಣಿಗಳಲ್ಲಿ ಕರೆದೊಯ್ದರು.

ತಟ್ಟೆ ಆರಿಸುವುದೂ ಸಣ್ಣ ಕೆಲಸವಲ್ಲ. ನ್ಯಾನ್ಸಿ ರೇಗನ್ ತರಿಸಿದ ಕೆಂಪು ಅಂಚಿನ ಪಿಂಗಾಣಿ ಸೆಟ್ಟಿನ ಬೆಲೆ ಎರಡು ಲಕ್ಷ ಡಾಲರ್‌ಗೂ ಹೆಚ್ಚು. ಹಣ ಕೊಟ್ಟದ್ದು ಖಾಸಗಿ ಪ್ರತಿಷ್ಠಾನ, ಸರ್ಕಾರವಲ್ಲ. ಆದರೂ ಜನ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಬಂದದ್ದರಿಂದ ಟೀಕೆಯೆಲ್ಲ ಅವರ ತಲೆಗೇ ಬಂತು. ಸಂಬಳವಿಲ್ಲದೆ ದುಡಿಯುವವರಿಗೆ ದೂರು ಮಾತ್ರ ತಪ್ಪುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಆ ಸಂಜೆ ಅಧ್ಯಕ್ಷ ದಂಪತಿ ಉತ್ತರದ ಬಾಗಿಲಲ್ಲಿ ಅತಿಥಿ ನಾಯಕರನ್ನು ಬರಮಾಡಿಕೊಳ್ಳುತ್ತಾರೆ. ಮೆಟ್ಟಿಲ ಬಳಿ ಫೋಟೊ, ಸಾಲಿನಲ್ಲಿ ಬಂದ ಒಬ್ಬೊಬ್ಬರಿಗೂ ಕೈಕುಲುಕು, ಭಾಷಣ, ಊಟ, ಸಂಗೀತ. ಗಂಟೆಗಟ್ಟಲೆ ನಗುಮುಖ ಬಾಡಬಾರದು.

ಮರುದಿನ ಬೇರೆ ಕೆಲಸಗಳು ಕಾದಿರುತ್ತವೆ: ಪತ್ರಗಳ ರಾಶಿ, ಶಾಲೆ-ಆಸ್ಪತ್ರೆಗಳ ಭೇಟಿ, ವಸಂತದಲ್ಲಾದರೆ 1878ರಿಂದ ನಡೆದು ಬಂದ ಈಸ್ಟರ್ ಮೊಟ್ಟೆ ಉರುಳಿಸುವ ಮಕ್ಕಳ ಹಬ್ಬ. ಔತಣದ ಖರ್ಚು ವಿದೇಶಾಂಗ ಇಲಾಖೆಯದು. ಮನೆಮಂದಿಯ ತಿಂಡಿ-ಊಟದ ಬಿಲ್ಲು ಮಾತ್ರ ತಿಂಗಳು ತಿಂಗಳು ಅಧ್ಯಕ್ಷರ ಕುಟುಂಬಕ್ಕೇ ಬರುತ್ತದೆ.